ಮೇಕ್‌ಗೆ ಟು ಬೇಡ, ಗೆಟ್‌ಗೆ ಟು ಬೇಕು

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬರೆದ ಎರಡು ಪುಟಗಳ ಇಂಗ್ಲಿಷ್ ಪತ್ರವೊಂದು ಮೇಲಧಿಕಾರಿಯ ಮೇಜಿನಿಂದ ನನ್ನ ಮೇಜಿಗೆ ವಾಪಸು ಬಂತು. ಅವರು ತಿದ್ದಿದ್ದು ಒಂದೇ ಕಡೆ. ‘ಎಕ್ಸ್‌ಪ್ಲೇನ್ ಮಿ’ ಎಂದು ಬರೆದಿದ್ದ ಜಾಗದಲ್ಲಿ ಕೊಕ್ಕೆ ಹಾಕಿ, ಅದರ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಟು’ ಎಂದು ಕೂರಿಸಿದ್ದರು. ಸುಮ್ಮನಿರಲಾರದೆ ಹೋಗಿ ಕೇಳಿದೆ: “ಸರ್, ‘ಟೆಲ್ ಮಿ’ ಸರಿ ಎಂದಾದರೆ ‘ಎಕ್ಸ್‌ಪ್ಲೇನ್ ಮಿ’ ಏಕೆ ತಪ್ಪು?” ಅವರು ಕನ್ನಡಕದ ಮೇಲಿಂದ ನೋಡಿ, “ಅದು ಹಾಗೆಯೇ” ಎಂದರು.

ಇಂಗ್ಲಿಷ್ ಕಲಿತವರೆಲ್ಲರೂ ಒಮ್ಮೆಯಾದರೂ ಕೇಳಿರುವ ಉತ್ತರ ಅದು. ಕನ್ನಡದಲ್ಲಿ ‘ನನಗೆ ಹೇಳು’, ‘ನನಗೆ ಕೊಡು’, ‘ನನಗೆ ವಿವರಿಸು’ ಎಲ್ಲಕ್ಕೂ ಒಂದೇ ‘ಗೆ’ ಸಾಕು. ವಿವರಿಸು ಎಂಬುದು ಸಂಸ್ಕೃತದಿಂದ ಬಂದದ್ದು ಎಂದು ಅದಕ್ಕೆ ಬೇರೆ ಪಂಕ್ತಿ ಹಾಕುವುದಿಲ್ಲ. ಇಂಗ್ಲಿಷ್ ಹಾಕುತ್ತದೆ. ಗಿವ್, ಟೆಲ್, ಶೋ, ಸೆಂಡ್ ಮೊದಲಾದವು ಆ ನುಡಿಯ ಹಳೆಯ ಮನೆಮಾತುಗಳು. ಅವುಗಳ ಪಕ್ಕದಲ್ಲಿ ‘ಮಿ’ ನೇರವಾಗಿ ಹೋಗಿ ಕೂರಬಹುದು. ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಡೊನೇಟ್ ಲ್ಯಾಟಿನ್ ಮೂಲದಿಂದ ಬಂದವು. ಅವುಗಳ ಹತ್ತಿರ ಹೋಗಬೇಕಾದರೆ ‘ಟು’ ಎಂಬ ಮಧ್ಯವರ್ತಿ ಬೇಕು. ಇದು ತಿಳಿದಾಗ ನನಗೆ ಅರ್ಧ ಸಮಾಧಾನವಾಯಿತು. ಅರ್ಧ ಏಕೆಂದರೆ, ಪ್ರಾಮಿಸ್ ಕೂಡ ಲ್ಯಾಟಿನ್ ಮೂಲದ್ದೇ. ಆದರೂ ‘ಪ್ರಾಮಿಸ್ ಮಿ’ ಎನ್ನಲು ಯಾರ ಅಪ್ಪಣೆಯೂ ಬೇಕಿಲ್ಲ.

‘ತಂದನು’ ಎಂದಷ್ಟೇ ಹೇಳಿ ನಿಲ್ಲಿಸಿದರೆ ಕೇಳುವವರ ಕಿವಿ ‘ಏನನ್ನು?’ ಎಂದು ಕಾಯುತ್ತದೆ. ಒಂದು ಪದ ಇನ್ನೊಂದಕ್ಕಾಗಿ ಹೀಗೆ ಕಾಯುವುದನ್ನು ಸಂಸ್ಕೃತದ ಶಾಸ್ತ್ರಕಾರರು ‘ಆಕಾಂಕ್ಷೆ’ ಎಂದು ಕರೆದರು. ಎಂಥ ಹೆಸರು! ಕ್ರಿಯಾಪದಕ್ಕೂ ಆಸೆಗಳಿವೆ ಎಂದು ಒಪ್ಪಿಕೊಂಡ ಮೇಲೆ ಅದರ ಹಟಗಳ ಮೇಲಿನ ಸಿಟ್ಟು ಎಷ್ಟೋ ಇಳಿಯುತ್ತದೆ.

ಈ ಹಟಗಳನ್ನೆಲ್ಲ ಕೂತು ಪಟ್ಟಿ ಮಾಡಿದ ಪುಣ್ಯಾತ್ಮರೂ ಇದ್ದಾರೆ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಅವರು ಕ್ರಿಯಾಪದಗಳನ್ನು 25 ಮಾದರಿಗಳಲ್ಲಿ ಜೋಡಿಸಿದರು. ಅವರು ಇಬ್ಬರು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. ಜಪಾನಿಗೂ ಬ್ರಿಟನ್ನಿಗೂ ಆಗ ಯುದ್ಧ ನಡೆಯುತ್ತಿತ್ತು. ಶತ್ರುವಿನ ಭಾಷೆಯಲ್ಲಿ ಯಾವ ಕ್ರಿಯಾಪದಕ್ಕೆ ಏನು ಹಿಡಿಸುತ್ತದೆ ಎಂಬ ಪುಸ್ತಕ ಅಂಥ ಹೊತ್ತಿನಲ್ಲೂ ಹೊರಬಂತಲ್ಲ ಎಂದು ನನಗೆ ಇಂದಿಗೂ ಬೆರಗು. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್ ಮುದ್ರಣಾಲಯ ಪ್ರಕಟಿಸಿತು. ಅದರ ಮುಂದಿನ ಆವೃತ್ತಿಯೊಂದರಲ್ಲಿ ಪದದ ಪಕ್ಕ ‘ವಿಪಿ6ಎ’ ಎಂಬಂಥ ಸಂಕೇತಗಳಿರುತ್ತಿದ್ದವು. ಅವು ಪುಟಗಳ ಸಂಖ್ಯೆ ಇರಬೇಕು ಎಂದುಕೊಂಡು ನಾನು ವರ್ಷಗಟ್ಟಲೆ ದಾಟಿಕೊಂಡು ಓದಿದ್ದೇನೆ. ವಿಪಿ ಎಂದರೆ ‘ವರ್ಬ್ ಪ್ಯಾಟರ್ನ್’, ಕ್ರಿಯಾಪದದ ಮಾದರಿ. ನನ್ನ ಕೆಂಪು ಶಾಯಿಗೆ ಮದ್ದು ಅಲ್ಲಿಯೇ ಇತ್ತು.

ಹಟಗಳಲ್ಲಿ ಕೆಲವು ಬರೀ ಹಟ, ಕೆಲವು ಅರ್ಥವನ್ನೇ ಬದಲಿಸುವಂಥವು. ‘ಹಿ ಸ್ಟಾಪ್ಡ್ ಸ್ಮೋಕಿಂಗ್’ ಎಂದರೆ ಆತ ಸಿಗರೇಟು ಬಿಟ್ಟ, ಮನೆಯವರಿಗೆ ಸಂತೋಷ. ‘ಹಿ ಸ್ಟಾಪ್ಡ್ ಟು ಸ್ಮೋಕ್’ ಎಂದರೆ ಸಿಗರೇಟು ಸೇದಲೆಂದು ದಾರಿಯಲ್ಲಿ ನಿಂತ. ಕನ್ನಡದಲ್ಲಿ ಈ ಅಪಾಯವಿಲ್ಲ. ನಿಂತವನು ನಿಂತ, ಬಿಟ್ಟವನು ಬಿಟ್ಟ. ‘ರಿಮೆಂಬರ್’ ಇನ್ನೂ ಸೂಕ್ಷ್ಮ. ‘ಐ ರಿಮೆಂಬರ್ಡ್ ಟು ಲಾಕ್ ದಿ ಡೋರ್’ ಎಂದವನು ಬೀಗ ಹಾಕಲು ಮರೆಯಲಿಲ್ಲ. ‘ಐ ರಿಮೆಂಬರ್ ಲಾಕಿಂಗ್ ದಿ ಡೋರ್’ ಎಂದವನಿಗೆ ಬೀಗ ಹಾಕಿದ್ದು ನೆನಪಿದೆ. ಹಾಕಿದ್ದು ಎಂಬಲ್ಲಿ ಕನ್ನಡ ಭೂತಕಾಲವನ್ನು ಬಿಚ್ಚಿ ತೋರಿಸುತ್ತದೆ. ಇಂಗ್ಲಿಷ್ ಅದನ್ನು ‘ಇಂಗ್’ನ ಮಡಿಲಲ್ಲಿ ಬಚ್ಚಿಡುತ್ತದೆ. ಅರ್ಧ ದಾರಿಯಲ್ಲಿ ನಿಂತು ಬೀಗದ ಚಿಂತೆ ಮಾಡುವ ನನ್ನಂಥವರಿಗೆ ಬೇಕಾದದ್ದು ಈ ಎರಡನೆಯ ವಾಕ್ಯ.

‘ಲುಕ್ ಫಾರ್ವರ್ಡ್ ಟು’ ಮಾತ್ರ ಶುದ್ಧ ಮೋಸ. ‘ಟು’ ಕಂಡ ಕೂಡಲೇ ‘ಮೀಟ್’ ಎಂದು ಬರೆಯಲು ಕೈ ಓಡುತ್ತದೆ. ಆದರೆ ಈ ‘ಟು’ ಆ ‘ಟು’ ಅಲ್ಲ. ಇದು ನಮ್ಮ ‘ಗೆ’ ಪ್ರತ್ಯಯದಂಥದ್ದು, ಮುಂದೆ ನಾಮಪದವೇ ಬೇಕು, ಆದ್ದರಿಂದ ‘ಮೀಟಿಂಗ್’. ಭೇಟಿ ಮಾಡಲು ಅಲ್ಲ, ಭೇಟಿಗೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ತಕರಾರು ‘ಮಾಡಿಸು’ವಿನದು. ಮಾಡು ಎಂಬುದಕ್ಕೆ ‘ಇಸು’ ಹಚ್ಚಿದರೆ ಕನ್ನಡಕ್ಕೆ ಕೆಲಸ ಮುಗಿಯಿತು: ಬರೆಯಿಸು, ಓದಿಸು, ಕಟ್ಟಿಸು. ಗದರಿಸಿ ಮಾಡಿಸಿದೆಯೋ, ಕಾಲು ಹಿಡಿದು ಮಾಡಿಸಿದೆಯೋ ಎಂದು ಅದು ಕೇಳುವುದಿಲ್ಲ. ಇಂಗ್ಲಿಷ್ ಕೇಳಿಯೇ ಕೇಳುತ್ತದೆ. ಬಲವಂತವಾದರೆ ‘ಮೇಕ್’, ಒಲಿಸಿದ್ದಾದರೆ ‘ಗೆಟ್’, ಕೆಲಸ ವಹಿಸಿದ್ದಾದರೆ ‘ಹ್ಯಾವ್’. ಮಗನಿಂದ ಪತ್ರ ಬರೆಯಿಸಿದೆ ಎಂಬ ಒಂದೇ ಮಾತನ್ನು ಅತ್ತ ದಾಟಿಸುವ ಮೊದಲು ನಾನು ಎಂಥ ತಂದೆ ಎಂದು ತೀರ್ಮಾನಿಸಿಕೊಳ್ಳಬೇಕು. ಆಮೇಲೆ ‘ಮೇಡ್ ಹಿಮ್ ರೈಟ್’ ಎನ್ನಬೇಕು, ಆದರೆ ‘ಗಾಟ್ ಹಿಮ್ ಟು ರೈಟ್’ ಎನ್ನಬೇಕು. ಬಲವಂತಕ್ಕೆ ಟು ಬೇಡ, ಪುಸಲಾಯಿಸುವುದಕ್ಕೆ ಟು ಬೇಕು. ಇನ್ನು ಬಲವಂತಕ್ಕೆ ಸಿಕ್ಕಿದ ಮಗನೇ ದೂರು ಹೇಳಹೊರಟರೆ ‘ಐ ವಾಸ್ ಮೇಡ್ ಟು ರೈಟ್’ ಎಂದು ಹೋದ ಟು ವಾಪಸು ಬರುತ್ತದೆ. ‘ಹೆಲ್ಪ್’ ಮಾತ್ರ ಬಡಪಾಯಿ; ಟು ಇದ್ದರೂ ಸೈ, ಬಿಟ್ಟರೂ ಸೈ.

ಇದಕ್ಕೆ ಇನ್ನೊಂದು ಮಗ್ಗುಲಿದೆ. ನಾವು ಕನ್ನಡದಲ್ಲಿ ‘ಹಲ್ಲು ಕೀಳಿಸಿಕೊಂಡೆ’ ಎನ್ನುತ್ತೇವೆ. ಕಿತ್ತವರು ಬೇರೆ ಎಂಬುದನ್ನು ‘ಇಸಿ’ ಹೇಳುತ್ತದೆ, ನೋವು ನನ್ನದು ಎಂಬುದನ್ನು ‘ಕೊಂಡೆ’ ಹೇಳುತ್ತದೆ. ಇಷ್ಟು ನಾಜೂಕಾಗಿ ಹೇಳಬಲ್ಲ ನಾವು ಇಂಗ್ಲಿಷಿಗೆ ಹೊರಟಾಗ ಆ ‘ಇಸಿ’ಯನ್ನು ಹೊಸ್ತಿಲಲ್ಲೇ ಬಿಟ್ಟು ಹೋಗುತ್ತೇವೆ. ‘ಐ ಹ್ಯಾಡ್ ಮೈ ಟೂತ್ ಪುಲ್ಡ್ ಔಟ್’ ಎನ್ನುವ ಬದಲು ‘ಐ ಪುಲ್ಡ್ ಔಟ್ ಮೈ ಟೂತ್’ ಎಂದುಬಿಡುತ್ತೇವೆ. ಕೇಳಿದವರು ನಮ್ಮ ಧೈರ್ಯಕ್ಕೆ ಬೆಚ್ಚುತ್ತಾರೆ.

ಅದೇ ಮೇಲಧಿಕಾರಿಯ ಎದುರು ಒಂದು ಬೆಳಗ್ಗೆ ತಡವಾಗಿ ಬಂದು ನಿಂತಿದ್ದೆ. ಕಾರಣ ಕೇಳಿದರು. ಈ ಬಾರಿ ‘ಎಕ್ಸ್‌ಪ್ಲೇನ್’ ಪದದ ಸಹವಾಸವೇ ಬೇಡವೆಂದು ಸರಳವಾಗಿ, “ಐ ವಾಸ್ ಕಟಿಂಗ್ ಮೈ ಹೇರ್, ಸರ್” ಎಂದೆ. ಅವರು ಎದ್ದು ನಿಧಾನವಾಗಿ ನನ್ನ ಬೆನ್ನ ಹಿಂದೆ ಬಂದು ಕತ್ತನ್ನು ಪರೀಕ್ಷಿಸಿದರು.

“ಹಿಂಭಾಗವೂ ಚೆನ್ನಾಗಿಯೇ ಬಂದಿದೆ. ಕೈ ಹೇಗೆ ಎಟುಕಿತು?”