ನಿಂಬೆ ಗಿಡಕ್ಕೆ ಸೊಳ್ಳೆ ಪರದೆ

ಇವತ್ತು ಬೆಳಿಗ್ಗೆ ಮಂಡಕ್ಕಿ ಒಗ್ಗರಣೆಗೆ ಹಿಂಡಲು ಒಂದು ನಿಂಬೆಹಣ್ಣು ಕೀಳೋಣವೆಂದು ಹಿತ್ತಲಿಗೆ ಹೋದರೆ ಗಿಡವೇ ಸೊಳ್ಳೆ ಪರದೆಯೊಳಗೆ ಮಲಗಿತ್ತು. ನಾಲ್ಕೂ ಮೂಲೆಗೆ ದಾರ, ಕೆಳಗೆ ಒತ್ತಿಗೆ ಇಟ್ಟಿಗೆ. ಬಳ್ಳಾರಿಯ ಸೊಳ್ಳೆಗಳ ಕಾಟದಲ್ಲಿ ನಮಗೇ ಒಂದು ನೆಟ್ಟಗಿನ ಪರದೆಯಿಲ್ಲ!

ಇದು ಮಹಡಿಯ ಬಾಡಿಗೆದಾರರ ಕೆಲಸ. ನಿವೃತ್ತರು, ಸಂಭಾವಿತರು, ಒಂದನೇ ತಾರೀಖಿಗೆ ಬಾಡಿಗೆ ಕೈಗಿಡುವವರು. ಹಾಗಾಗಿ ಬೈಯುವಂತಿಲ್ಲ. ಬೆಕ್ಕು ಸಾಕಿದ ಮೇಲೆ ಮೊಬೈಲ್ ಹಿಡಿದು ಮೆಟ್ಟಿಲಿಳಿದು ಬಂದು, ನಾನು ಹಲ್ಲುಜ್ಜುವ ಹೊತ್ತಿಗೇ ದಿನಕ್ಕೊಂದು ಹಣ್ಣಿನ ಜಾತಕ ಓದುತ್ತಾರೆ. ಬಾಯಿತುಂಬ ನೊರೆ ಇರುವವನು ಎದುರಾಡುವುದಿಲ್ಲವೆಂದು ಅವರಿಗೆ ಗೊತ್ತು. ನಿಂಬೆಯ ಎಲೆ, ಕಾಂಡ, ಸಿಪ್ಪೆಯಲ್ಲಿ ಲಿಮೊನೀನ್, ಲಿನಲೂಲ್ ಎಂಬ ಎಣ್ಣೆಗಳಿವೆಯಂತೆ, ಬೆಕ್ಕು ಅಗಿದರೆ ಜೊಲ್ಲು, ವಾಂತಿ, ಮಂಕು. ಮರುದಿನ ಅಂಜೂರ: ಅದರ ಹಾಲು ತಾಗಿದರೆ ಬಾಯಿ ಉರಿ. ಅಂಜೂರಕ್ಕೆ ಹೆಸರಾದ ಊರಲ್ಲಿ ನಿಂತು ಹೇಳುವ ಮಾತೇ ಇದು? ಅದರಾಚೆಯ ದಿನ ದ್ರಾಕ್ಷಿ. ಮಾವಿನ ತಿರುಳಲ್ಲಿ ವಿಷವಿಲ್ಲ ಎಂದು ಓದಿದ ದಿನ ಮಾತ್ರ ಮುಖ ಸಪ್ಪಗಿತ್ತು.

ಅವರು ಓದಿದ್ದು ಸುಳ್ಳಲ್ಲ. ಸಿಟ್ಟು ಬರುವುದೇ ಅದಕ್ಕೆ. ಆದರೆ ಬೆಕ್ಕನ್ನೂ ಒಂದು ಮಾತು ಕೇಳಬೇಕಲ್ಲವೇ? ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಅದಕ್ಕೆ ಬೇಕಾದ ಜೀನ್ ಅದರಲ್ಲಿ ಕೆಟ್ಟು ಕೂತಿದೆ ಎಂದು ವಿಜ್ಞಾನಿಗಳು 2005ರಲ್ಲೇ ತೋರಿಸಿದ್ದಾರೆ. ಈ ಗಿಡ ನೆಟ್ಟವಳು ಅಮ್ಮ. ಅವಳು ಮಾವು ಹೆಚ್ಚಲು ಕೂತರೆ ಮನೆಯ ಬೆಕ್ಕು ಸಿಪ್ಪೆಯನ್ನು ಮೂಸಿ, ನಮ್ಮನ್ನೆಲ್ಲ ಕನಿಕರದಿಂದ ನೋಡಿ, ಹಾಲಿನ ಪಾತ್ರೆಯ ಕಡೆ ನಡೆಯುತ್ತಿತ್ತು. ಅಮ್ಮ ಅದಕ್ಕೆ ಕೊಟ್ಟ ಬೈಗುಳಗಳಲ್ಲಿ ಅರ್ಧ ನಮಗೂ ಸೇರಿದ್ದವು. ಈಗ ಬೈಯುವವರಿಲ್ಲ.

ಇರಲಿ. ಪರದೆ ಬಿಚ್ಚಲು ಬಗ್ಗಿದೆ. ಒಳಗೆ, ನೀರು ಹನಿಸಿದ ತಂಪು ಮಣ್ಣಿನಲ್ಲಿ, ಸಾಕ್ಷಾತ್ ಬೆಕ್ಕೇ ಅಂಗಾತ ಬಿದ್ದುಕೊಂಡಿತ್ತು! ಕಟ್ಟುವಾಗಲೇ ಒಳಸೇರಿರಬೇಕು. ನಾನು ಇಟ್ಟಿಗೆ ಸರಿಸಿದ್ದೇ ತಡ, ಅದು ಗಾಬರಿಯಾಗಿ ಪರದೆಗೆ ಹಾರಿತು, ಪರದೆ ನನ್ನ ತಲೆಗೆ ಬಂತು, ಮುಳ್ಳು ತೋಳಿಗೆ ನಾಟಿತು. ಬಲೆಯೊಳಗೆ ನಾನೂ ಬೆಕ್ಕೂ ಮುಖಾಮುಖಿ. ಅಷ್ಟರಲ್ಲಿ ಮಹಡಿಯಿಂದ ಕೂಗು: "ಸಾರ್, ಅದು ಎಲೆ ತಿಂದಿತೇ ನೋಡಿ!" ನನ್ನ ತೋಳಿನ ರಕ್ತವನ್ನು ಕೇಳಿದವರಿಲ್ಲ.

ಬೆಕ್ಕನ್ನು ಒಪ್ಪಿಸಲು ಮೇಲೆ ಹೋದೆ. ಟೀಪಾಯಿಯ ಮೇಲೆ, ಮಗಳ ನಿಶ್ಚಿತಾರ್ಥಕ್ಕೆ ಬಂದ ಲಿಲ್ಲಿ ಹೂಗಳ ಗುಚ್ಛ. ನನ್ನ ಎದೆ ಧಸಕ್ಕೆಂದಿತು. ಲಿಲ್ಲಿಯ ದಳ, ಎಲೆ, ಪರಾಗ, ಹೂದಾನಿಯ ನೀರು ಕೂಡ ಬೆಕ್ಕಿನ ಮೂತ್ರಪಿಂಡ ಕೆಡಿಸಿ ಪ್ರಾಣ ತೆಗೆಯಬಲ್ಲದು. ನಿಂಬೆ ಅದರ ಮುಂದೆ ಸಾಧುಪ್ರಾಣಿ. ಹಾಗೆಂದು ಹೇಳಿದೆ.

"ಅದು ಹೂವಲ್ಲವೇ ಸಾರ್? ನಾನು ಓದುತ್ತಿರುವುದು ಹಣ್ಣಿನದು" ಎಂದರು.

ಮೊಬೈಲಿನಲ್ಲಿ ಹುಡುಕಿ ನೋಡಿದ ಮೇಲೆ ಬೆವರಿದರು, ನಿಜ. ಹತ್ತು ನಿಮಿಷದಲ್ಲಿ ಗುಚ್ಛವನ್ನು ನಮ್ಮ ಪಡಸಾಲೆಗೆ ತಂದಿಟ್ಟು, "ಇನ್ನು ಭಯವಿಲ್ಲ" ಎಂದು ಹೋದರು. ಅವರ ಬೆಕ್ಕು ಹಗಲೆಲ್ಲ ಮಲಗುವುದು ನಮ್ಮ ಪಡಸಾಲೆಯಲ್ಲೇ. ಗುಚ್ಛವನ್ನು ಎತ್ತಿಕೊಂಡು ಕಸದ ಗಾಡಿಯ ಹಿಂದೆ ಓಡಿದೆ. ಒಗ್ಗರಣೆಯನ್ನು ನಿಂಬೆಯಿಲ್ಲದೆಯೇ ತಿಂದೆ.