ಕೇಳಿದವರಿಗೆಲ್ಲ ಹೌದು

ನಮ್ಮ ಅಪ್ಪಯ್ಯ ಯಾರಿಗೂ ಇಲ್ಲ ಅಂದ ಜನ ಅಲ್ಲ. ಪರ್ಕಳದ ನಮ್ಮ ಜಗಲಿ ಹತ್ತಿದವರು ಬರೀ ದಾರಿ ಕೇಳಲಿಕ್ಕೆ ಬಂದಿದ್ದರೂ ಸರಿ, ಬೆಲ್ಲ-ನೀರು ಕುಡಿಯದೆ ಇಳಿಯುವ ಹಾಗಿಲ್ಲ. ಕಂಪ್ಯೂಟರಿನ ಮುಂದೆ ಕೂತರೂ ಈ ಗುಣ ಬಿಡುವುದಿಲ್ಲ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು.

ಸತ್ಯನಾರಾಯಣ ಪೂಜೆಯ ಕಾಗದಕ್ಕೆ ಚಂದದ ಕನ್ನಡ ಫಾಂಟ್ ಬೇಕೆಂದು ಎಲ್ಲಿಗೋ ಹೋಗಿದ್ದಾರೆ. ಅಲ್ಲಿ ನಾಲ್ಕು ಹಸಿರು ಡೌನ್‌ಲೋಡ್ ಗುಂಡಿ. ನಾಲ್ಕನ್ನೂ ಒತ್ತಿದ್ದಾರೆ, ಒಂದನ್ನೇ ಒತ್ತಿದರೆ ಉಳಿದ ಮೂವರಿಗೆ ಬೇಸರ ಆಗುವುದಿಲ್ಲವೇ? ನಾನು ಬೆಂಗಳೂರಿನಿಂದ ಬಂದು ಚೀಲ ಇಳಿಸುವಾಗ ಪರದೆಯ ಮೂಲೆಯಲ್ಲಿ ನಿಮಿಷಕ್ಕೊಂದು ಕೆಂಪು ಚೀಟಿ ಏಳುತ್ತಿತ್ತು: ನಿಮ್ಮಲ್ಲಿ ವೈರಸ್ ಉಂಟು, ಇಲ್ಲಿ ಒತ್ತಿ.

"ಇದಕ್ಕೆಲ್ಲ ಒಪ್ಪಿಗೆ ಕೊಟ್ಟದ್ದು ಯಾರು?"

"ನೋಟಿಫಿಕೇಶನ್ ಕಳಿಸ್ಲಾ ಅಂತ ಮರ್ಯಾದೆಯಲ್ಲೇ ಕೇಳ್ತು ಮಾರಾಯ. ಬ್ಲಾಕ್ ಮಾಡ್ಲಿಕ್ಕೆ ಅದು ನನಗೆ ಎಂತ ಮಾಡಿದೆ?"

ಬ್ರೌಸರಿನಲ್ಲಿ ಆ ಒಪ್ಪಿಗೆ ಕಿತ್ತೆ, ಗುರುತಿಲ್ಲದ ಎಕ್ಸ್‌ಟೆನ್ಶನ್ ಅಳಿಸಿದೆ. ಕಂಟ್ರೋಲ್ ಪ್ಯಾನೆಲಿನ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿದರೆ ಒಂದೇ ದಿನ ಬಸ್ಸಿಳಿದವರೆಲ್ಲ ಸಾಲಾಗಿ ಸಿಗುತ್ತಾರೆ: ಟೂಲ್‌ಬಾರು, ಸ್ಪೀಡು ಹೆಚ್ಚಿಸುವವನು, ರಿಯಾಯಿತಿ ಕೂಪನ್ನು. ಎಲ್ಲರನ್ನೂ ಕಳಿಸಿ, ವೈರಸ್ ಹುಡುಕುವ ವಿಂಡೋಸಿನದೇ ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಕೊಟ್ಟು ಕಾಫಿ ಕುಡಿದೆ. ಫಾಂಟ್ ಮಾತ್ರ ಎಲ್ಲೂ ಇರಲಿಲ್ಲ.

ಮೀಸೆ ತಿರುವುವ ಹೊತ್ತಿಗೆ ಅಮ್ಮ ಮೊಬೈಲ್ ಹಿಡಿದು ಬಂದರು. ಪತ್ರೊಡೆ ಹುಡುಕಿದರೆ ಲಾಟರಿ ಬರುತ್ತಿದೆಯಂತೆ. ಅಮ್ಮನ ಮೊಬೈಲಿಗೂ ಫಾಂಟಿಗೂ ಏನು ಸಂಬಂಧ? ಇಬ್ಬರಿಗೂ ಸಂಬಂಧ ಇದ್ದದ್ದು ಮನೆಗೆಲ್ಲ ಇಂಟರ್ನೆಟ್ ಹಂಚುವ ರೂಟರಿನ ಜೊತೆ. ಬ್ರೌಸರಿನಲ್ಲಿ ಅದರ ವಿಳಾಸ 192.168.1.1 ಒತ್ತಿ ಒಳಹೊಕ್ಕೆ. ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಡಬ್ಬದಿಂದ ತೆಗೆದ ದಿನ ಇದ್ದ ಹಾಗೆಯೇ. ಬಂದ ನೆಂಟರಲ್ಲೊಬ್ಬ ಈ ಬಾಗಿಲನ್ನೂ ತಳ್ಳಿ ನೋಡಿ ಡಿಎನ್‌ಎಸ್ ಬದಲಿಸಿ ಹೋಗಿದ್ದ. ಸೈಟಿನ ಹೆಸರು ಹೇಳಿದರೆ ಅದರ ನಂಬರು ತಿಳಿಸುವುದು ಡಿಎನ್‌ಎಸ್ಸಿನ ಕೆಲಸ. ಅದು ಕೆಟ್ಟವರ ಕೈಗೆ ಸಿಕ್ಕಿದರೆ, ಕೃಷ್ಣಮಠಕ್ಕೆ ದಾರಿ ಕೇಳಿದವರನ್ನು ಮಲ್ಪೆಗೆ ಅಟ್ಟುವವನೊಬ್ಬನನ್ನು ರಥಬೀದಿಯ ಬಾಯಲ್ಲೇ ನಿಲ್ಲಿಸಿದ ಹಾಗೆ.

"ಈ ರೂಟರ್ ಹಾಕಿದ್ದು ಯಾರು?" ಅಂತ ಅಪ್ಪಯ್ಯ ಕೇಳಿದರು. ನಾನು ಕೇಳಿಸದವನ ಹಾಗೆ ಅದರ ಹಿಂದಿನ ರೀಸೆಟ್ ತೂತಿಗೆ ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಹಿಡಿದೆ. ಡಿಎನ್‌ಎಸ್ ಹೋಯಿತು. ಜೊತೆಗೆ ಇಂಟರ್ನೆಟ್ಟಿನ ಲಾಗಿನ್ನೂ ಹೋಯಿತು. ಅದನ್ನು ಕೊಡಬೇಕಾದ ಹುಡುಗನ ನಂಬರ್ ಇದ್ದದ್ದು ನನ್ನ ಈಮೇಲಿನಲ್ಲಿ. ನಮ್ಮಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಹಲಸಿನ ಮರದ ಬುಡದಲ್ಲಿ ಮಾತ್ರ. ಅಲ್ಲಿ ಒಂದು ಕೈ ಎತ್ತಿ ನಿಂತೆ.

"ಡಿಎನ್‌ಎಸ್ ಒಂದು ಆಟೋಮ್ಯಾಟಿಕ್ ಮಾಡಿ ಪಾಸ್‌ವರ್ಡ್ ಬದಲಿಸಿದ್ರೆ ಸಾಕಿತ್ತಲ್ಲ ಅಣ್ಣ," ಅಂದ ಹುಡುಗ.

ಹೋದ ಮಾನ ಮರಳಿ ತರಲು ಮನೆಗೆಲ್ಲ ನೆಟ್‌ವರ್ಕ್ ಮಾಡಿಕೊಡುತ್ತೇನೆ ಅಂದೆ. ಮುರಕಲ್ಲಿನ ದಪ್ಪ ಗೋಡೆ ನಮ್ಮದು. ವೈಫೈಯ 5 ಗಿಗಾಹರ್ಟ್ಸ್ ಅಲೆ ಚಾವಡಿಯಲ್ಲೇ ಸುಸ್ತಾಗಿ ಕೂರುತ್ತದೆ, 2.4 ಹೇಗೋ ಅಡುಗೆಮನೆ ತನಕ ತೆವಳುತ್ತದೆ. ಹಿಂದಿನ ಕೋಣೆಗೆ ವೈರೇ ಗತಿ. ಉಡುಪಿಗೆ ಹೋಗಿ ಲ್ಯಾನ್ ವೈರು, ಅದರ ತುದಿಗೆ ಕನೆಕ್ಟರ್ ಒತ್ತುವ ಕ್ರಿಂಪಿಂಗ್ ಇಕ್ಕಳ ತಂದೆ. ಆ ವೈರಿನೊಳಗೆ ಎಂಟು ಎಳೆ, ನಾಲ್ಕು ಜೋಡಿ. ಉಳಿದ ಜೋಡಿಗಳೆಲ್ಲ ಪಕ್ಕಪಕ್ಕ ಕೂತರೆ, ಹಸಿರು ಗಂಡಹೆಂಡಿರ ನಡುವೆ ಮಾತ್ರ ನೀಲಿ ಜೋಡಿ ಬಂದು ಕೂರಬೇಕು, ಮದುವೆ ಊಟದಲ್ಲಿ ತಡವಾಗಿ ಬಂದವರ ಹಾಗೆ. ಒಂದು ತುದಿಯಲ್ಲಿ ಸರಿಯಾಗಿ ಕೂರಿಸಿದೆ. ಇನ್ನೊಂದು ತುದಿಯಲ್ಲಿ ಕನಿಕರಪಟ್ಟು ಹಸಿರಿನವರನ್ನು ಒಟ್ಟಿಗೆ ಕೂರಿಸಿಬಿಟ್ಟೆ. ದೀಪ ಹತ್ತಲಿಲ್ಲ. ಕತ್ತರಿಸಿ ಮತ್ತೆ ಒತ್ತಿ, ಮತ್ತೆ ಕತ್ತರಿಸಿ, ಹನ್ನೊಂದು ಕನೆಕ್ಟರ್ ಮುಗಿಯುವಾಗ ವೈರು ಕೋಣೆಯ ಹೊಸಿಲಿಗಿಂತ ಗೇಣುದ್ದ ಗಿಡ್ಡವಾಗಿತ್ತು. ಈಗ ಕಂಪ್ಯೂಟರೇ ಹೊಸಿಲ ಹತ್ತಿರ ಬಂದು ಕೂತಿದೆ.

ಕೊನೆಗೆ ಜಾಣತನವೆಂದು ಬಂದವರಿಗಾಗಿ ಬೇರೆಯೇ ಗೆಸ್ಟ್ ವೈಫೈ ಮಾಡಿ, ಮನೆಯದ್ದಕ್ಕೆ ಹದಿನಾರು ಅಕ್ಷರದ ಪಾಸ್‌ವರ್ಡ್ ಇಟ್ಟು ಅಪ್ಪಯ್ಯನಿಗೆ ವಿವರಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಎಂತ, ನೆಂಟರಿಗೆ ಬೇರೆ ಪಂಕ್ತಿಯಾ?"

ಮರುದಿನ ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಹೊತ್ತು ತಂದ ಹುಡುಗ ಜಗಲಿಯಲ್ಲಿ ಕೂತು ಬೆಲ್ಲ ಕಚ್ಚುತ್ತಿದ್ದ. ಅಪ್ಪಯ್ಯ ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದರು, ಹದಿನಾರೂ.