ಸ್ಟೆಂಟ್ ಜಾಗದಲ್ಲಿದ್ದ ಮಾತ್ರಕ್ಕೆ ಮೂತ್ರ ಇಳಿಯುತ್ತಿದೆ ಎಂದಲ್ಲ

ಮುಂದುವರಿದ ಕ್ಯಾನ್ಸರಿನಲ್ಲಿ ಮೂತ್ರನಾಳ (ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಮೂತ್ರ ಇಳಿಸುವ ಕೊಳವೆ) ಕಟ್ಟಿಕೊಂಡರೆ ಡಬಲ್-ಜೆ ಸ್ಟೆಂಟ್, ಅಂದರೆ ನಾಳದೊಳಗೆ ಕೂರಿಸುವ ತೆಳು ನಳಿಕೆ, ಹಾಕಿದರೆ ಮುಗಿಯಿತು ಎಂಬ ಧಾಟಿಯ ಲೇಖನವೊಂದನ್ನು ಓದಿದೆ. ಕಲ್ಲಿನ ತೊಂದರೆಗೆ ಆ ಮಾತು ಒಪ್ಪುತ್ತದೆ. ಗೆಡ್ಡೆ ಹೊರಗಿನಿಂದ ನಾಳವನ್ನು ಹಿಸುಕುತ್ತಿದ್ದರೆ ಕಥೆಯೇ ಬೇರೆ: ಎಷ್ಟೋ ಸಲ ಎಕ್ಸ್‌ರೇಯಲ್ಲಿ ಸ್ಟೆಂಟ್ ಸರಿಯಾಗೇ ಕಾಣುತ್ತದೆ, ಕ್ರಿಯಾಟಿನಿನ್ (ಮೂತ್ರಪಿಂಡ ಸೋತಾಗ ರಕ್ತದಲ್ಲಿ ಏರುವ ತ್ಯಾಜ್ಯ) ಮಾತ್ರ ಇಳಿಯುವುದಿಲ್ಲ. ಆಗ ಬೆನ್ನಿನ ಕಡೆಯಿಂದ ನೇರ ಮೂತ್ರಪಿಂಡಕ್ಕೆ ಚುಚ್ಚಿ ಮೂತ್ರವನ್ನು ಹೊರಗಿನ ಬ್ಯಾಗಿಗೆ ಇಳಿಸುವ ನೆಫ್ರೊಸ್ಟಮಿ ನಳಿಕೆ ಬೇಕು, ಸಾಮಾನ್ಯವಾಗಿ 8ರಿಂದ 10 ಫ್ರೆಂಚ್ (ಸುಮಾರು 3 ಮಿಮೀ ದಪ್ಪ) ಗಾತ್ರದ್ದು. ಗರ್ಭಕೊರಳಿನ ಅಥವಾ ಪ್ರಾಸ್ಟೇಟಿನ ಗೆಡ್ಡೆ ಮೂತ್ರಕೋಶದ ಬುಡಕ್ಕೇ ಹಬ್ಬಿದ್ದರೆ ಸಿಸ್ಟೊಸ್ಕೋಪಿಯಲ್ಲಿ (ಮೂತ್ರಕೋಶದೊಳಗೆ ದುರ್ಬೀನು ಹಾಕಿ ನೋಡುವಾಗ) ನಾಳದ ಬಾಯಿಯೇ ಸಿಗದಿರಬಹುದು. ಅಂಥಲ್ಲಿ ಮೊದಲೇ ನೆಫ್ರೊಸ್ಟಮಿ ವಾಸಿ.

ರಕ್ತಸ್ರಾವ ಆಗದಿರಲೆಂದು, ಚುಚ್ಚುವ ಮುನ್ನ ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಅಳತೆ) 1.5ರ ಒಳಗೆ ಇರುವುದು ರೂಢಿ. ಪೊಟ್ಯಾಸಿಯಂ ಅಪಾಯಮಟ್ಟಕ್ಕೇರಿದ್ದರೆ ಮೊದಲು ಅದನ್ನು ಇಳಿಸಬೇಕು. ಎರಡೂ ಕಡೆ ಕಟ್ಟಿದ್ದು ಸೋಂಕಿಲ್ಲದಿದ್ದರೆ, ತೊಗಟೆ (ಮೂತ್ರಪಿಂಡದ ಹೊರಪದರ) ದಪ್ಪ ಉಳಿದಿರುವ ಒಂದು ಮೂತ್ರಪಿಂಡದ ಕಟ್ಟು ಬಿಡಿಸಿದರೂ ಬಹಳಷ್ಟು ಸಲ ಸಾಕು. ಜ್ವರವಿದ್ದರಂತೂ ತಡ ಸಲ್ಲದು. ಕೀವು ತುಂಬಿ ಕಟ್ಟಿದ ಮೂತ್ರಪಿಂಡಕ್ಕೆ ಆ್ಯಂಟಿಬಯಾಟಿಕ್ ಒಂದರಿಂದಲೇ ಆಗುವುದಿಲ್ಲ.

ಲೇಖನ ಮುಟ್ಟದ ವಿಷಯ, ಕಟ್ಟು ಬಿಟ್ಟ ನಂತರದ ಮೂತ್ರದ ಹೊಳೆ. ಗಂಟೆಗೆ 200 ಮಿಲಿ ಮೀರಿ ಸತತ ಹೋಗುತ್ತಿದ್ದರೆ ಬಿಪಿ, ಸೋಡಿಯಂ, ಪೊಟ್ಯಾಸಿಯಂ ಪದೇ ಪದೇ ನೋಡಬೇಕು. ಹೋದಷ್ಟನ್ನೂ ಡ್ರಿಪ್‌ನಲ್ಲಿ ತುಂಬಿಸಿದರೆ ಹೊಳೆ ನಿಲ್ಲುವುದೇ ಇಲ್ಲ. ಸುಮಾರು ಅರ್ಧದಷ್ಟು ಕೊಟ್ಟರೆ ಸಾಕು.

ಮನೆಗೆ ಹೋದಮೇಲೆ ನಳಿಕೆಯಲ್ಲಿ ಹರಿವು ನಿಂತರೆ ಮೊದಲು ಮಡಚಿದೆಯೇ ನೋಡಿ, ಬ್ಯಾಗು ಸೊಂಟಕ್ಕಿಂತ ಕೆಳಗಿರಲಿ. ತರಬೇತಿ ಪಡೆದವರು 5 ಮಿಲಿ ಸ್ಟೆರೈಲ್ ಸಲೈನ್ ಮೆಲ್ಲಗೆ ಬಿಡಬಹುದು. ತಡೆ ಸಿಕ್ಕರೆ ಒತ್ತಬೇಡಿ, ಆಸ್ಪತ್ರೆಗೆ ಹೋಗಿ. ನಳಿಕೆಯನ್ನು ಸುಮಾರು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಈ ಓಡಾಟ ರೋಗಿಗೆ ಬೇಕೇ ಎಂದು ಚುಚ್ಚುವ ಮೊದಲೇ ಅವರನ್ನೇ ಕೇಳಿ. ಬೇಡ ಎಂದು ನೋವು, ವಾಂತಿಗಷ್ಟೇ ಔಷಧಿ ಪಡೆಯುವುದೂ ಸರಿಯಾದ ಚಿಕಿತ್ಸೆಯೇ.